ಹಿಟ್ಟಿನಲ್ಲಿ ಬಿದ್ದ ಆಡು: ಕಾರ್ಟೂನ್ ನೋಡುವವರು ಯಾವಾಗ ನಗುತ್ತಾರೆ, ಯಾಕೆ ನಗುತ್ತಾರೆ

ತಮಾಷೆಯ ಕಾರ್ಟೂನ್ ಕಿರುಚಿತ್ರವೊಂದನ್ನು ಊರಿನ ಜನರಿಗೆ ತೋರಿಸಿದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಜನ ನಕ್ಕರಾ?" ನಕ್ಕರೆ ಚಿತ್ರ ಗೆದ್ದಿತು, ನಗದಿದ್ದರೆ ಸೋತಿತು ಅಂತ ಲೆಕ್ಕ. ಈ ಲೆಕ್ಕ ಅರ್ಧಕ್ಕರ್ಧ ತಪ್ಪು. ಕೊಪ್ಪಳದ ಶಾಲೆಯೊಂದರ ಅಂಗಳದಲ್ಲಿ ಜನರನ್ನು ಬಿದ್ದು ಬಿದ್ದು ನಗಿಸಿದ ಆರು ನಿಮಿಷದ ಚಿತ್ರ, ಮರುದಿನ ರಾಯಚೂರಿನ ಮನೆಯೊಂದರಲ್ಲಿ ಒಬ್ಬರೇ ಕೂತು ಮೊಬೈಲಿನಲ್ಲಿ ನೋಡಿದಾಗ ಒಂದು ಮುಗುಳ್ನಗೆಯನ್ನೂ ತರಿಸದೆ ಇರಬಹುದು. ಚಿತ್ರ ಅದೇ. ನೋಡಿದ ಜಾಗ ಬೇರೆ, ಜೊತೆಗಿದ್ದವರು ಬೇರೆ, ಸದ್ದು ಕೇಳಿಸಿದ ರೀತಿ ಬೇರೆ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರೂ ಫೋನಿನಲ್ಲೇ ಚಿಕ್ಕ ಚಿಕ್ಕ ಕಾರ್ಟೂನ್ ಮಾಡುತ್ತಾರೆ. ತೋರಿಸಿದಾಗ ನಗು ಬರದಿದ್ದರೆ ಬೇಜಾರು ಮಾಡಿಕೊಂಡು ಕೆಲಸವನ್ನೇ ಬಿಡುತ್ತಾರೆ. ಅದಕ್ಕೇ ನಗು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಉದಾಹರಣೆಗೆ ಒಂದು ಚಿತ್ರ ಬೇಕು. ಇದು ಯಾರೂ ಮಾಡಿದ್ದಲ್ಲ, ಮಾತಿಗೆ ಅಂತ ನಾನೇ ಕಟ್ಟಿಕೊಂಡದ್ದು. ಕೊಪ್ಪಳದ ಗವಿಮಠದ ಜಾತ್ರೆ. ಒಂದು ಮಿರ್ಚಿ ಅಂಗಡಿ, ಅಂದರೆ ಮೆಣಸಿನಕಾಯಿ ಬಜ್ಜಿ ಕರಿಯುವ ಅಂಗಡಿ. ಅಂಗಡಿಯಲ್ಲಿ ದೊಡ್ಡ ಮೀಸೆಯ ಕಾಕಾ. ಎದುರಿಗೆ ಒಂದು ಆಡು. ಆಡಿಗೆ ಮಿರ್ಚಿ ಬೇಕು, ಕಾಕಾ ಕೊಡುವುದಿಲ್ಲ. ಮೊದಲ ಸಲ ಆಡು ನೇರವಾಗಿ ಬರುತ್ತದೆ, ಕಾಕಾ ಸೌಟು ಎತ್ತುತ್ತಾನೆ, ಅದು ಓಡುತ್ತದೆ. ಎರಡನೇ ಸಲ ಮೇಜಿನ ಕೆಳಗಿಂದ ಬರುತ್ತದೆ, ಸೌಟು ಅಲ್ಲಿಗೂ ಬರುತ್ತದೆ. ಮೂರನೇ ಸಲ ಅಂಗಡಿಯ ತಗಡಿನ ಮೇಲಿಂದ ಹಾರುತ್ತದೆ, ಕಾಲು ಜಾರಿ ಕಲಸಿಟ್ಟ ಕಡಲೆ ಹಿಟ್ಟಿನ ಬೋಗುಣಿಯಲ್ಲಿ ಬೀಳುತ್ತದೆ. ಮೈಯೆಲ್ಲ ಹಳದಿ ಮಾಡಿಕೊಂಡು ಎದ್ದು ನಿಲ್ಲುತ್ತದೆ. ಕಾಕಾನ ಮನಸ್ಸು ಕರಗಿ ಒಂದು ಮಿರ್ಚಿ ಕೊಡುತ್ತಾನೆ. ಆಡು ಕಚ್ಚುತ್ತದೆ. ತಟ್ಟೆಯಲ್ಲಿದ್ದ ಅಷ್ಟೂ ಮಿರ್ಚಿಯಲ್ಲಿ ಖಾರ ಇದ್ದದ್ದು ಅದೊಂದೇ! ಇಷ್ಟೇ ಕಥೆ. ಮಾತಿಲ್ಲ, ಬರೀ ಸದ್ದು ಮತ್ತು ಸಂಗೀತ. ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿನಲ್ಲಿ ಕಥೆಗೆ ಬೇರೆ ಕಡೆ ಹುಡುಕಬೇಕಾಗಿಲ್ಲ, ಅಲ್ವಾ?

ಗೆರೆಗಳಿಗೆ ಯಾಕೆ ನಗುತ್ತೇವೆ?

ಮೊದಲು ಒಂದು ವಿಚಿತ್ರ ಸಂಗತಿ. ಪರದೆಯ ಮೇಲೆ ಇರುವುದು ಆಡು ಅಲ್ಲ, ಬಣ್ಣ ತುಂಬಿದ ಗೆರೆ. ಅದಕ್ಕೆ ಆಸೆ ಇಲ್ಲ, ಹಸಿವಿಲ್ಲ. ಆದರೂ ಅದು ಮಿರ್ಚಿ ಕಡೆ ಕತ್ತು ಚಾಚಿದ ಕೂಡಲೇ ನಮಗೆ ಅದರ ಮನಸ್ಸು ಗೊತ್ತಾಗುತ್ತದೆ.

1944ರಲ್ಲಿ ಅಮೆರಿಕದಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿದರು. ಅವರು ಮಾಡಿದ ಚಿಕ್ಕ ಚಿತ್ರದಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ, ಒಂದು ಕಡೆ ಬಾಗಿಲಿನಂತೆ ತೆರೆಯುವ ಒಂದು ಆಯತ. ಕಣ್ಣು ಮೂಗು ಏನೂ ಇಲ್ಲ. ಸುಮ್ನೆ ಅತ್ತಿತ್ತ ಓಡಾಡುತ್ತವೆ. ಏನು ಕಂಡಿತು ಬರೆಯಿರಿ ಅಂದಾಗ, 34 ಜನರಲ್ಲಿ ಒಬ್ಬರು ಮಾತ್ರ "ತ್ರಿಕೋನ ಈ ಕಡೆ ಸರಿಯಿತು, ವೃತ್ತ ಆ ಕಡೆ ಹೋಯಿತು" ಅಂತ ಬರೆದರು. ಉಳಿದವರಿಗೆ ಕಂಡದ್ದು ಜೀವ ಇರುವ ಪಾತ್ರಗಳು. ದೊಡ್ಡ ತ್ರಿಕೋನ ಅವರ ಕಣ್ಣಿಗೆ ಜಗಳಗಂಟ ಆಗಿತ್ತು. ಅಂದರೆ ಚಲನೆ ಕಂಡರೆ ಸಾಕು, ಅದರ ಹಿಂದೆ ಒಂದು ಮನಸ್ಸನ್ನು ನಾವೇ ಕೂರಿಸುತ್ತೇವೆ. ಕಾರ್ಟೂನ್ ನಿಂತಿರುವುದೇ ಈ ಅಭ್ಯಾಸದ ಮೇಲೆ.

ಮನಸ್ಸು ಇದೆ ಅಂದ ಮೇಲೆ ನೋವೂ ಇರಬೇಕಲ್ಲ. ಹಾಗಾದರೆ ಅದು ಬಿದ್ದಾಗ ನಗು ಹೇಗೆ ಬರುತ್ತದೆ? ಇದಕ್ಕೆ ಹಲವರು ಹಲವು ಉತ್ತರ ಕೊಟ್ಟಿದ್ದಾರೆ. ಬೇರೆಯವರ ಪೇಚಾಟ ನೋಡಿದಾಗ ನಾವು ಮೇಲು ಅನಿಸಿ ನಗುತ್ತೇವೆ ಅಂದವರು ಹದಿನೇಳನೇ ಶತಮಾನದ ತತ್ವಜ್ಞಾನಿ ಥಾಮಸ್ ಹಾಬ್ಸ್. ಒಳಗೆ ಕಟ್ಟಿಕೊಂಡ ಒತ್ತಡ ಸಡಿಲವಾದಾಗ ನಗು ಬರುತ್ತದೆ ಅಂದವರು ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್. ಕಾರ್ಟೂನಿಗೆ ಚೆನ್ನಾಗಿ ಹೊಂದುವುದು 2010ರಲ್ಲಿ ಪೀಟರ್ ಮ್ಯಾಕ್‌ಗ್ರಾ ಮತ್ತು ಕೇಲಬ್ ವಾರೆನ್ ಎಂಬ ಅಮೆರಿಕದ ಸಂಶೋಧಕರು ಮುಂದಿಟ್ಟ ವಿವರಣೆ ಅಂತ ನನ್ನ ಅಭಿಪ್ರಾಯ. ಅವರು ಹೇಳುವುದು ಸರಳ. ಇರಬೇಕಾದ ರೀತಿಯಲ್ಲಿ ಏನೋ ಒಂದು ಇಲ್ಲ ಅನಿಸಬೇಕು, ಯಾವುದೋ ಕಟ್ಟಳೆ ಮುರಿದಿರಬೇಕು. ಅದೇ ಹೊತ್ತಿಗೆ, ಪರವಾಗಿಲ್ಲ, ಯಾರಿಗೂ ಏನೂ ಆಗಿಲ್ಲ ಅಂತಲೂ ಅನಿಸಬೇಕು. ಎರಡೂ ಒಟ್ಟಿಗೆ ಅನಿಸಿದಾಗ ನಗು.

ನಮ್ಮ ಆಡನ್ನೇ ತಗೊಳ್ಳಿ. ಅದು ಹಿಟ್ಟಿನ ಬೋಗುಣಿಯಲ್ಲಿ ಬಿದ್ದರೆ ನಗು. ಒಂದು ಗೇಣು ಆಚೆ ಇರುವ, ಕಾಯ್ದ ಎಣ್ಣೆಯ ಕಡಾಯಿಯಲ್ಲಿ ಬಿದ್ದರೆ? ಒಬ್ಬರೂ ನಗುವುದಿಲ್ಲ, ಮಕ್ಕಳು ಅಳುತ್ತವೆ. ಬೋಗುಣಿ ಮತ್ತು ಕಡಾಯಿ ಅಕ್ಕಪಕ್ಕ ಇದ್ದರೆ ಮಾತ್ರ ನಗು ಜಾಸ್ತಿ. ಯಾಕೆಂದರೆ ಹಾರುವಾಗ ನೋಡುವವರ ಜೀವ ಕೈಗೆ ಬಂದಿರುತ್ತದೆ.

ಆದರೆ "ಪರವಾಗಿಲ್ಲ" ಎಲ್ಲರಿಗೂ ಒಂದೇ ಹೊತ್ತಿಗೆ ಅನಿಸುವುದಿಲ್ಲ. ಮನೆಯಲ್ಲಿ ಆಡು ಸಾಕಿದ ಅಜ್ಜಿ ಮುಂದೆ ಕೂತಿದ್ದರೆ ಅವರ ಬಾಯಿಂದ ಮೊದಲು ಬರುವುದು "ಅಯ್ಯ ಪಾಪ, ಕಾಲು ಮುರೀತೇನೋ!" ಮಿರ್ಚಿ ಅಂಗಡಿ ಇಟ್ಟವರು ಇದ್ದರೆ ಅವರಿಗೆ ಕಾಣುವುದು ಹಾಳಾದ ಒಂದು ಬೋಗುಣಿ ಹಿಟ್ಟು. ಇವರಿಗೆ ಹಾಸ್ಯ ಗೊತ್ತಾಗುವುದಿಲ್ಲ ಅಂತಲ್ಲ. ಪರದೆಗೂ ಅವರ ಬದುಕಿಗೂ ನಡುವಿನ ಅಂತರ ಕಮ್ಮಿ, ಅಷ್ಟೇ. ಚಿತ್ರ ಮಾಡುವವರು ಅವರಿಗೂ ಒಂದು ಸನ್ನೆ ಕೊಡಬೇಕಾಗುತ್ತದೆ. ಆಡು ಎದ್ದು ಒಮ್ಮೆ ಕಿವಿ ಪಟಪಟ ಅನ್ನಿಸಿದರೆ ಆಯಿತು, ಅಜ್ಜಿಯ ಮುಖ ಸಡಿಲವಾಗುತ್ತದೆ. ಗಮನ ಇಟ್ಟು ನೋಡಿ: ಚಿಕ್ಕ ಮಕ್ಕಳು ಆಡು ಬೀಳುವಾಗ ನಗುತ್ತಾರೆ, ದೊಡ್ಡವರಲ್ಲಿ ಬಹಳ ಜನ ಅದು ಎದ್ದ ಮೇಲೆ ನಗುತ್ತಾರೆ.

ಒಂದು ಸೆಕೆಂಡಿನ ಇಪ್ಪತ್ನಾಲ್ಕನೇ ಒಂದು ಭಾಗ

ಕಾರ್ಟೂನ್ ಹಾಸ್ಯದ ಮುಕ್ಕಾಲು ಪಾಲು ಕೆಲಸ ನಡೆಯುವುದು ಸಮಯದಲ್ಲಿ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು ಓಡುವ 24 ನಿಂತ ಚಿತ್ರ. ಆರು ನಿಮಿಷಕ್ಕೆ 8,640 ಫ್ರೇಮ್ ಆಗುತ್ತದೆ. ಕೈಯಿಂದ ಬರೆಯುವವರು ಬಹಳ ಸಲ ಒಂದು ಚಿತ್ರವನ್ನೇ ಎರಡು ಫ್ರೇಮ್ ನಿಲ್ಲಿಸುತ್ತಾರೆ, ಆಗ 4,320 ಚಿತ್ರ ಸಾಕು. ಸಾಕು ಅನ್ನುವ ಮಾತು ಇಲ್ಲಿ ಸ್ವಲ್ಪ ಕ್ರೂರವೇ. ನಟರನ್ನು ಇಟ್ಟು ಶೂಟಿಂಗ್ ಮಾಡುವ ಸಿನಿಮಾದಲ್ಲಿ ತಾನಾಗಿಯೇ ಬಂದುಬಿಡುವ ನಗು ಇರುತ್ತದೆ, ನಟ ಎಡವುತ್ತಾನೆ, ಅದೇ ಚೆನ್ನಾಗಿ ಬರುತ್ತದೆ. ಕಾರ್ಟೂನಿನಲ್ಲಿ ಎಡವುವುದನ್ನೂ ಕೂತು ಬರೆಯಬೇಕು.

ಬಂಡೆಯ ತುದಿಯಿಂದ ಪದೇ ಪದೇ ಬೀಳುವ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿ, ಅದರ ಕೈಗೆ ಸಿಗದೆ ಓಡುವ ಹಕ್ಕಿ: ಈ ಜೋಡಿಯ ಕಾರ್ಟೂನ್‌ಗಳನ್ನು 1949ರಿಂದ ಮಾಡಿದವರು ಅಮೆರಿಕದ ಚಕ್ ಜೋನ್ಸ್. ಅವರ ಲೆಕ್ಕ ಬಹಳ ಪ್ರಸಿದ್ಧ. ಆ ಪ್ರಾಣಿ ಕೆಳಗೆ ಬೀಳುತ್ತಾ ಚಿಕ್ಕದಾಗಿ ಕಣ್ಮರೆ ಆಗಲು 18 ಫ್ರೇಮ್. ಆಮೇಲೆ 14 ಫ್ರೇಮ್ ಬಿಟ್ಟು ನೆಲದಲ್ಲಿ ಧೂಳು ಏಳಬೇಕು. 13 ಆದರೆ ನಗು ಬರುವುದಿಲ್ಲ, 15 ಆದರೂ ಬರುವುದಿಲ್ಲ ಅಂತ ಅವರು ಹೇಳುತ್ತಿದ್ದರು. ಒಂದು ಫ್ರೇಮ್ ಅಂದರೆ ಸೆಕೆಂಡಿನ 24ನೇ ಒಂದು ಭಾಗ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಇದನ್ನು ಓದಿ 14 ಒಂದು ಮಂತ್ರ ಅಂದುಕೊಳ್ಳಬೇಡಿ. ಅದು ಆ ಎತ್ತರಕ್ಕೆ, ಆ ಬೀಳುವಿಕೆಗೆ ಹೊಂದಿದ ಅಂಕಿ. ಮುಖ್ಯ ಏನೆಂದರೆ, ಪ್ರಾಣಿ ಕಣ್ಮರೆ ಆದ ಮೇಲಿನ ಆ ಖಾಲಿ ಹೊತ್ತಿನಲ್ಲಿ ನೋಡುವವರು ತಮ್ಮ ತಲೆಯಲ್ಲೇ "ಈಗ ಬಿತ್ತು" ಅಂತ ಎಣಿಸುತ್ತಿರುತ್ತಾರೆ. ಧೂಳು ಅವರ ಎಣಿಕೆಗಿಂತ ಒಂದು ಕೂದಲೆಳೆ ಆಚೆ ಈಚೆ ಏಳಬೇಕು. ಬೇಗ ಬಂದರೆ ಎಣಿಸಲು ಸಮಯ ಸಿಗುವುದಿಲ್ಲ. ತಡವಾದರೆ ಎಣಿಕೆ ಮುಗಿದು ಮನಸ್ಸು ಬೇರೆ ಕಡೆ ಹೋಗಿರುತ್ತದೆ.

ನಮ್ಮ ಆಡು ಮಿರ್ಚಿ ಕಚ್ಚುವ ಜಾಗಕ್ಕೆ ಬನ್ನಿ. ಕಚ್ಚಿದ ತಕ್ಷಣ ಕಿವಿಯಿಂದ ಹೊಗೆ ಬಂದರೆ ಸಾಧಾರಣ ನಗು. ಕಚ್ಚುತ್ತದೆ, ಎರಡು ಸಲ ಅಗಿಯುತ್ತದೆ, ರುಚಿ ನೋಡಿ ತಲೆ ಆಡಿಸುತ್ತದೆ, ಕಾಕಾನ ಕಡೆ ನೋಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕಲ್ಲಿನಂತೆ ನಿಲ್ಲುತ್ತದೆ. ಆ ನಿಂತ ಹೊತ್ತಿನಲ್ಲೇ ಮುಂದಿನ ಸಾಲಿನ ಹುಡುಗರು ಕೂಗುತ್ತಾರೆ: "ಹತ್ತಿತು ನೋಡಲೇ, ಖಾರ ಹತ್ತಿತು!" ಹೊಗೆ ಬರುವ ಮುಂಚೆಯೇ ನಗು ಶುರುವಾಗಿರುತ್ತದೆ.

ಮೂರು ಸಲ ಪ್ರಯತ್ನ ಮಾಡಿಸುವುದಕ್ಕೂ ಕಾರಣ ಇದೇ. ಮೊದಲ ಸಲ ಸಂಗತಿ ಗೊತ್ತಾಗುತ್ತದೆ. ಎರಡನೇ ಸಲ ಹೀಗೇ ನಡೆಯುತ್ತದೆ ಅನ್ನುವ ನಂಬಿಕೆ ಹುಟ್ಟುತ್ತದೆ. ಮೂರನೇ ಸಲ ಆ ನಂಬಿಕೆ ಮುರಿಯುತ್ತದೆ. ಎರಡೇ ಸಲ ಆದರೆ ಮುರಿಯಲು ಏನೂ ಇರುವುದಿಲ್ಲ. ಐದು ಸಲ ಆದರೆ ದೊಡ್ಡವರು ಮೊಬೈಲ್ ತೆಗೆಯುತ್ತಾರೆ. ಮೂರು ನಾಲ್ಕು ವರ್ಷದ ಮಕ್ಕಳ ಕಥೆ ಬೇರೆ. ಅವರಿಗೆ ಅದೇ ಮತ್ತೆ ಬಂದಷ್ಟೂ ಖುಷಿ, ಮುಂದೇನು ಅಂತ ತಮಗೆ ಗೊತ್ತು ಅನ್ನುವುದೇ ಅವರ ಮಜಾ. ಹಾಗಾಗಿ ಒಂದೇ ದೃಶ್ಯಕ್ಕೆ ಮುಂದಿನ ಸಾಲಿನಲ್ಲಿ ಕೇಕೆ, ಹಿಂದಿನ ಸಾಲಿನಲ್ಲಿ ಆಕಳಿಕೆ ಬಂದರೆ ಗಾಬರಿ ಆಗಬೇಕಿಲ್ಲ.

ಇನ್ನೊಂದು ಉಪಾಯ ಮುನ್ಸೂಚನೆ. ಡಿಸ್ನಿ ಸ್ಟುಡಿಯೋದಲ್ಲಿ ಬಹಳ ವರ್ಷ ದುಡಿದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್ಟನ್ 1981ರಲ್ಲಿ ಅನಿಮೇಷನ್ನಿನ ಹನ್ನೆರಡು ಸೂತ್ರಗಳನ್ನು ಬರೆದಿಟ್ಟರು. ಅದರಲ್ಲಿ ಇದೂ ಒಂದು. ಆಡು ಹಾರುವ ಮುಂಚೆ ಹಿಂದಕ್ಕೆ ಕುಗ್ಗಬೇಕು, ಆಗ ನಮ್ಮ ಕಣ್ಣು ಎಲ್ಲಿ ನೋಡಬೇಕೋ ಅಲ್ಲಿರುತ್ತದೆ. ಕುಗ್ಗದೆ ಹಾರಿದರೆ ಅರ್ಧ ಜನ "ಏನಾಯ್ತು?" ಅಂತ ಪಕ್ಕದವರನ್ನು ಕೇಳುತ್ತಾರೆ. ಕೇಳುವವರು ನಗುವುದಿಲ್ಲ, ಉತ್ತರ ಹೇಳುವವರೂ ನಗುವುದಿಲ್ಲ. ಹಿಟ್ಟಿನಲ್ಲಿ ಬಿದ್ದಾಗ ಚಪ್ಪಟೆ ಆಗುವುದು, ಎದ್ದಾಗ ಉದ್ದ ಆಗುವುದು ಕೂಡ ಅದೇ ಪಟ್ಟಿಯಲ್ಲಿದೆ. ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಮೈಗೆ ಗಾಯ ಆಗುವುದಿಲ್ಲ ಅಂತ ನಮ್ಮ ಕಣ್ಣು ತಾನೇ ತೀರ್ಮಾನ ಮಾಡುತ್ತದೆ. "ಪರವಾಗಿಲ್ಲ" ಅನ್ನುವುದನ್ನು ಗೆರೆಯಲ್ಲೇ ಹೇಳಿದಂತೆ.

ಸದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ತೋರಿಸುವಾಗ ಸೋಲುವುದು ಬಹಳ ಸಲ ಇಲ್ಲೇ. ಮಾತಿಲ್ಲದ ಕಾರ್ಟೂನಿನಲ್ಲಿ ಪ್ರತಿ ಹೆಜ್ಜೆಗೂ ಒಂದು ಸ್ವರ ಇರುತ್ತದೆ. ಆಡು ಕಳ್ಳಹೆಜ್ಜೆ ಇಟ್ಟರೆ ಸಂಗೀತವೂ ಕಳ್ಳಹೆಜ್ಜೆ ಇಡುತ್ತದೆ. ಬಳ್ಳಾರಿಯಲ್ಲಿ ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಿನ ದಿನ ಕಲ್ಯಾಣ ಮಂಟಪದಲ್ಲಿ ಚಿತ್ರ ಹಾಕಿದರೆ ಫ್ಯಾನ್ ಬಂದ್ ಮಾಡಲು ಯಾರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆ ಗರಗರ ಸದ್ದು, ಗೋಡೆಯಿಂದ ಗೋಡೆಗೆ ಬಡಿದು ಬರುವ ಪ್ರತಿಧ್ವನಿ, ಕರೆಂಟ್ ಹೋದರೆ ಜನರೇಟರ್. ಕಳ್ಳಹೆಜ್ಜೆಯ ಸಣ್ಣ ಸ್ವರ ಯಾರ ಕಿವಿಗೂ ಬೀಳುವುದಿಲ್ಲ. ಬೋಗುಣಿಯ "ಢಪ್" ಮಾತ್ರ ಕೇಳುತ್ತದೆ. ಜನ ಢಪ್ ಅಂದಾಗ ನಕ್ಕರು, ಹೆಜ್ಜೆಗೆ ನಗಲಿಲ್ಲ. ಇದನ್ನು ನೋಡಿ ಹೆಜ್ಜೆಯ ದೃಶ್ಯವನ್ನೇ ಕತ್ತರಿಸಿ ಹಾಕುವುದು ದಡ್ಡತನ.

ಪರದೆ ಹಿಂದೆ ಭೀಮವ್ವ ಇದ್ದರೆ ಕಾಯುತ್ತಿದ್ದರು

ನಾಟಕಕ್ಕೂ ಕಾರ್ಟೂನಿಗೂ ಇರುವ ದೊಡ್ಡ ಫರಕು ಇಲ್ಲಿದೆ. ಕಂಪನಿ ನಾಟಕದ ಹಾಸ್ಯ ನಟ ಒಂದು ಮಾತು ಬಿಟ್ಟು ನಿಲ್ಲುತ್ತಾನೆ. ಜನ ನಗುತ್ತಾರೆ. ನಗು ಏರುತ್ತದೆ, ಇಳಿಯಲು ಶುರುವಾಗುತ್ತದೆ, ಪೂರ್ತಿ ಇಳಿಯುವ ಮುಂಚೆ ಅವನು ಮುಂದಿನ ಮಾತು ಎತ್ತುತ್ತಾನೆ. ನಗು ಬರದಿದ್ದರೆ ಆ ಮಾತನ್ನು ಹಾಗೇ ನುಂಗಿ ಮುಂದೆ ಹೋಗುತ್ತಾನೆ. ಪ್ರತಿ ರಾತ್ರಿ ಲೆಕ್ಕ ಬೇರೆ.

ತೊಗಲುಗೊಂಬೆಯಾಟದಲ್ಲೂ ಹೀಗೇ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಮತ್ತೆ ಎಲ್ಲ ಕಡೆ ಕೇಳಿಸಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೂ ತೊಗಲುಗೊಂಬೆಗೆ ತಂದಿದ್ದರು. ಈ ಆಟದಲ್ಲಿ ರಾಮಾಯಣ ನಡೆಯುವಾಗ ನಡುವೆ ನುಗ್ಗುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಕಪ್ಪು ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಬೇಲಿ ಇಲ್ಲ. ಬೆಳಕಿನ ಮುಂದೆ ಕುಣಿಯುವ ಆಕೃತಿ, ಮನುಷ್ಯರ ಮೈಗೆ ಸಾಧ್ಯವಿಲ್ಲದ ಚಲನೆ, ಹೊಡೆತ ತಿಂದರೂ ಮತ್ತೆ ಎದ್ದು ನಿಲ್ಲುವ ಪಾತ್ರ: ಕಾರ್ಟೂನಿನ ಬಂಡವಾಳ ಪೂರ್ತಿ ಇಲ್ಲಿ ಮೊದಲೇ ಇದೆ. ಆದರೆ ಆಡಿಸುವವರು ಪರದೆಯ ಹಿಂದೆ ಕೂತು ಜನರ ಸದ್ದು ಕೇಳುತ್ತಿರುತ್ತಾರೆ. ನಗು ಬಂದರೆ ಕಿಳ್ಳೇಕ್ಯಾತನನ್ನು ಇನ್ನೊಂದು ಸುತ್ತು ಕುಣಿಸುತ್ತಾರೆ. ಊರಿನ ಯಾರದೋ ಸುದ್ದಿ ಸೇರಿಸುತ್ತಾರೆ. ಜನ ತೂಕಡಿಸಿದರೆ ಅವನನ್ನು ಬೇಗ ಕರೆತರುತ್ತಾರೆ.

ಕಾರ್ಟೂನ್ ಚಿತ್ರಕ್ಕೆ ಕಿವಿ ಇಲ್ಲ. ಆಡು ಹಿಟ್ಟಿನಿಂದ ಎದ್ದಾಗ ಎಷ್ಟು ನಗು ಬಂದರೂ, ಎಷ್ಟು ಕಮ್ಮಿ ಬಂದರೂ, ಕಾಕಾ ಅದೇ ಫ್ರೇಮಿಗೆ ತಿರುಗಿ ನೋಡುತ್ತಾನೆ. ಇದರಿಂದ ಒಂದು ತಮಾಷೆಯ ತೊಂದರೆ ಹುಟ್ಟುತ್ತದೆ. ಒಂದು ದೃಶ್ಯ ಬಹಳ ಚೆನ್ನಾಗಿ ಕೆಲಸ ಮಾಡಿದರೆ ಅದರ ನಗು ಮುಂದಿನ ದೃಶ್ಯವನ್ನು ಮುಳುಗಿಸುತ್ತದೆ. ಕಾಕಾನ ಮೀಸೆಯ ಮೇಲೆ ಹಿಟ್ಟು ಮೆತ್ತಿಕೊಂಡಿದ್ದನ್ನು ಯಾರೂ ನೋಡಲಿಲ್ಲ, ಯಾಕೆಂದರೆ ಎಲ್ಲರೂ ಇನ್ನೂ ಆಡಿಗೆ ನಗುತ್ತಿದ್ದರು. ಮೀಸೆಯ ತಮಾಷೆ ಸೋತಿತು ಅಂತ ಬರೆದುಕೊಂಡರೆ ಅದು ಅನ್ಯಾಯ.

ಇದಕ್ಕಾಗಿ ಚಿತ್ರ ಮಾಡುವವರು ಮೊದಲೇ ಖಾಲಿ ಜಾಗ ಬಿಡುತ್ತಾರೆ, ಮುಖ್ಯವಲ್ಲದ ಚಲನೆಯನ್ನು ಒಂದೆರಡು ಸೆಕೆಂಡ್ ತುಂಬುತ್ತಾರೆ. ಎಷ್ಟು ಬಿಡಬೇಕು ಅಂತ ಗೊತ್ತಾಗಬೇಕಾದರೆ ಜನರ ಮುಂದೆ ಹಾಕಿ ನೋಡಬೇಕು. ಮೂಕಿ ಸಿನಿಮಾದ ಹಾಸ್ಯ ನಟ ಹೆರಾಲ್ಡ್ ಲಾಯ್ಡ್ 1920ರ ದಶಕದಲ್ಲೇ ಹೀಗೆ ಮುಂಚೆ ಜನರಿಗೆ ತೋರಿಸಿ, ನಗು ನೋಡಿ, ಮತ್ತೆ ಕತ್ತರಿಸಿ ಜೋಡಿಸುತ್ತಿದ್ದರು. ಆದರೆ ಜನ ತುಂಬಿದ ಹಾಲ್‌ಗೆ ಅಂತ ಬಿಟ್ಟ ಖಾಲಿ ಜಾಗ, ಮೊಬೈಲಿನಲ್ಲಿ ಒಬ್ಬರೇ ನೋಡುವಾಗ ಎಳೆದಂತೆ ಕಾಣುತ್ತದೆ. ಎರಡಕ್ಕೂ ಹೊಂದುವ ಒಂದು ಅಳತೆ ಇಲ್ಲ. ಯಾರಿಗೆ ತೋರಿಸುತ್ತೇವೆ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳುವುದೇ ವಾಸಿ.

ಪಕ್ಕದವರು ನಕ್ಕರೆ

ಅಮೆರಿಕದ ರಾಬರ್ಟ್ ಪ್ರೊವೈನ್ ನಗುವಿನ ಬಗ್ಗೆಯೇ ಬಹಳ ವರ್ಷ ಅಧ್ಯಯನ ಮಾಡಿದ ವಿಜ್ಞಾನಿ. ವಿದ್ಯಾರ್ಥಿಗಳಿಂದ ದಿನಚರಿ ಬರೆಸಿ ಅವರು ಕಂಡುಕೊಂಡದ್ದು: ಒಬ್ಬರೇ ಇರುವಾಗ ನಗುವುದಕ್ಕಿಂತ ಬೇರೆಯವರ ಜೊತೆ ಇರುವಾಗ ನಗುವುದು ಸುಮಾರು 30 ಪಟ್ಟು ಜಾಸ್ತಿ. ಜನರ ಮಾತುಕತೆ ಕದ್ದು ಕೇಳಿ ಅವರು ಇನ್ನೊಂದನ್ನೂ ಗಮನಿಸಿದರು. ನಗುವಿನ ಮುಂಚೆ ಬಂದ ಮಾತುಗಳಲ್ಲಿ ನಿಜವಾಗಿ ತಮಾಷೆ ಅನ್ನಬಹುದಾದವು ನೂರಕ್ಕೆ ಹತ್ತರಿಂದ ಇಪ್ಪತ್ತು ಮಾತ್ರ. ಉಳಿದದ್ದೆಲ್ಲ "ಹೌದಾ?", "ಬರ್ತೀನಿ" ಅನ್ನುವಂಥ ಸಾದಾ ಮಾತು. ನಗು ಬಹುಪಾಲು "ನಾನೂ ನಿಮ್ಮ ಜೊತೆ ಇದ್ದೇನೆ" ಅಂತ ತೋರಿಸುವ ಸದ್ದು.

ಹೀಗಿರುವಾಗ ಮೊಬೈಲಿನಲ್ಲಿ ಒಬ್ಬರೇ ನೋಡಿದವರು ನಗಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಟಿವಿಯವರಿಗೆ ಇದು ಬಹಳ ಬೇಗ ಗೊತ್ತಾಯಿತು. 1950ರ ದಶಕದ ಶುರುವಿನಲ್ಲಿ ಚಾರ್ಲ್ಸ್ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಮುದ್ರಿಸಿಟ್ಟ ನಗುವನ್ನು ಬೇಕಾದಲ್ಲಿ ಸೇರಿಸುವ ಯಂತ್ರವನ್ನೇ ಮಾಡಿದರು. 1960ರ ದಶಕದಲ್ಲಿ ಅಮೆರಿಕದ ಕೆಲವು ಟಿವಿ ಕಾರ್ಟೂನ್‌ಗಳಿಗೂ ಆ ನಗು ಸೇರಿತು. ಗೆರೆಯ ಪಾತ್ರಗಳ ಎದುರು ಕೂತು ನಗುವ ಜನ ಎಲ್ಲಿಂದ ಬಂದರು ಅಂತ ಕೇಳಿದವರು ಕಮ್ಮಿ.

ಊರಿನ ಪ್ರದರ್ಶನದಲ್ಲಿ ಈ ಕೆಲಸವನ್ನು ಮಾಡುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಎಲ್ಲರಿಗಿಂತ ಮುಂಚೆ ನಗುವವರು. ಸಣ್ಣದಕ್ಕೂ ಗಟ್ಟಿಯಾಗಿ ನಗುವವರು. ಅವರ ನಗುವಿಗೇ ಬೇರೆಯವರು ನಗುತ್ತಾರೆ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಎರಡಾಗಿ ನೋಡುತ್ತದೆ, ತಾನು ನಗುವುದು ಮತ್ತು ಇನ್ನೊಬ್ಬರನ್ನು ನಗಿಸುವುದು. ನೋಡುವವರಲ್ಲೇ ಎರಡೂ ಕೆಲಸ ಮಾಡುವವರು ಇರುತ್ತಾರೆ ಅನ್ನುವುದಕ್ಕೆ ಇವರೇ ಉದಾಹರಣೆ. ಅವರು ಆ ದಿನ ಬರದಿದ್ದರೆ ಹಾಲ್ ತಣ್ಣಗಿರುತ್ತದೆ. ಚಿತ್ರದ ತಪ್ಪಲ್ಲ ಅದು.

ಕೂರುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಜಮಖಾನೆ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ ಮಕ್ಕಳಲ್ಲಿ ನಗು ಬೇಗ ಹಬ್ಬುತ್ತದೆ. ದೊಡ್ಡ ಹಾಲ್‌ನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕೂತರೆ ಹಬ್ಬುವುದಿಲ್ಲ. ಊರಿನ ಹಿರಿಯರು, ಶಾಲೆಯ ಹೆಡ್ ಮಾಸ್ತರು ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತರೆ ಹಿಂದಿನವರು ಮೊದಲು ಅವರ ಮುಖ ನೋಡುತ್ತಾರೆ. ಹಿರಿಯರನ್ನು ಪಕ್ಕಕ್ಕೆ ಕೂರಿಸಿ, ಮಕ್ಕಳನ್ನು ಮುಂದೆ ಬಿಡಿ ಅಂತ ನನ್ನ ಸಲಹೆ. ಮರ್ಯಾದೆಗೆ ಒಂದು ಕುರ್ಚಿ ಹಾಕಿದರೆ ಆಯಿತು.

ಯಾರ ಮಾತು, ಯಾರ ನಗು

ಬಳ್ಳಾರಿ 1953ರ ಅಕ್ಟೋಬರ್‌ವರೆಗೆ ಮದ್ರಾಸು ರಾಜ್ಯದಲ್ಲಿತ್ತು. ರಾಯಚೂರು, ಅದರೊಳಗೇ ಇದ್ದ ಕೊಪ್ಪಳ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಈ ಭಾಗದ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಸೇರಿಕೊಂಡಿರುತ್ತವೆ, ತಾಂಡಾಗಳಲ್ಲಿ ಲಂಬಾಣಿ. ಮಾತಿಲ್ಲದ ಕಾರ್ಟೂನಿಗೆ ಇದು ಹಬ್ಬ. ಆಡು ಯಾವ ಭಾಷೆಯಲ್ಲಿ ಬಿದ್ದರೂ ಬಿದ್ದಂತೆ. 1940ರಿಂದ ಬರುತ್ತಿರುವ ಟಾಮ್ ಅಂಡ್ ಜೆರ್ರಿ ನಮ್ಮ ಹಳ್ಳಿಗಳ ಮಕ್ಕಳಿಗೂ ಅಜ್ಜನಿಗೂ ಒಟ್ಟಿಗೆ ಹಿಡಿಸುವುದು ಮುಖ್ಯವಾಗಿ ಅದರಲ್ಲಿ ಮಾತು ಬಹಳ ಕಮ್ಮಿ ಇರುವುದರಿಂದ.

ಮಾತು ಬಂದ ಕೂಡಲೇ ನಗು ಹೋಳಾಗುತ್ತದೆ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕನ್ನಡ ಮಾತಾಡುವ ಕಾರ್ಟೂನ್ ಮನೆಮನೆಗೆ ಬಂತು, ಅದು ಒಳ್ಳೆಯದೇ ಆಯಿತು. ಆದರೆ ಬೆಂಗಳೂರು ಕಡೆಯ ಮಾತಿನ ಮೇಲೆ ಕಟ್ಟಿದ ಚಟಾಕಿ ಗಂಗಾವತಿಯ ಮಗುವಿಗೆ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತದೆ. ಆ ಅರ್ಧ ಸೆಕೆಂಡ್ ಅಂದರೆ 12 ಫ್ರೇಮ್. ಮೇಲೆ ಒಂದು ಫ್ರೇಮಿನ ಲೆಕ್ಕ ಹೇಳಿದೆನಲ್ಲ, ಇನ್ನು 12 ಫ್ರೇಮ್ ಅಂದರೆ ಚಟಾಕಿ ಸತ್ತೇ ಹೋಯಿತು.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಡಬ್ಬಿಂಗ್ ಮಾಡುವಾಗ ಪೆದ್ದ ಪಾತ್ರಕ್ಕೋ ರೌಡಿ ಪಾತ್ರಕ್ಕೋ ನಮ್ಮ ಕಡೆಯ ಮಾತನ್ನು ಅಂಟಿಸುವ ಚಾಳಿ. "ಏನ್ರೀ", "ಬರ್ರಿ" ಅಂದರೆ ಸಾಕು, ಅದೇ ತಮಾಷೆ ಅನ್ನುವ ಹಾಗೆ. ಇಂಥದ್ದನ್ನು ಇಲ್ಲಿ ಹಾಕಿದಾಗ ಮಕ್ಕಳು ನಗುತ್ತಾರೆ, ಹೌದು. ತಮ್ಮ ಮಾತು ಪರದೆಯ ಮೇಲೆ ಬಂತಲ್ಲ ಅಂತ ಖುಷಿಗೆ ನಗುತ್ತಾರೆ. ಸ್ವಲ್ಪ ದೊಡ್ಡ ಹುಡುಗರು ನಗುವುದನ್ನು ನಿಲ್ಲಿಸಿ ಸುತ್ತ ನೋಡುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ನಗುವಿನಂತೆ ಕೇಳಬಹುದು. ಕಪ್ಪು ಬಣ್ಣ, ತೊದಲು, ದಪ್ಪ ಮೈ ಇವುಗಳ ಮೇಲಿನ ತಮಾಷೆಗೂ ಇದೇ ಮಾತು. ಯಾರ ಮೇಲೆ ಬಂತೋ ಅವರೂ ನಕ್ಕಿರುತ್ತಾರೆ, ನಗದಿದ್ದರೆ ಎಲ್ಲರ ಕಣ್ಣು ತಮ್ಮ ಮೇಲೆ ಬೀಳುತ್ತದೆ ಅಂತ.

ಅದೇ ಮಾತನ್ನು ಪ್ರೀತಿಯಿಂದ ಬಳಸಿದರೆ ಬರುವ ನಗುವೇ ಬೇರೆ. ನಮ್ಮ ಚಿತ್ರದ ಕೊನೆಯನ್ನು ನೋಡಿ. ತಟ್ಟೆ ತುಂಬ ಸಪ್ಪೆ ಮೆಣಸಿನಕಾಯಿ, ಒಂದು ಮಾತ್ರ ಬೆಂಕಿ, ಅದು ಯಾರ ಪಾಲಿಗೆ ಬರುತ್ತದೋ ಗೊತ್ತಿಲ್ಲ. ಮಂಡಕ್ಕಿ ಜೊತೆ ಮಿರ್ಚಿ ತಿನ್ನುವ ಯಾರಿಗಾದರೂ ಇದು ಅನುಭವ. ಇಲ್ಲಿ ವಿವರಿಸಬೇಕಾಗಿಯೇ ಇಲ್ಲ. ಬೇರೆ ದೇಶದವರಿಗೆ ತೋರಿಸಿದರೆ ಅವರು ಹೊಗೆಗೆ ನಗುತ್ತಾರೆ, ನಾವು ಕಾಕಾ ತಟ್ಟೆಯಿಂದ ಆ ಮಿರ್ಚಿ ಎತ್ತುವಾಗಲೇ ನಗುತ್ತೇವೆ.

ಹಾಗಾದರೆ ಏನನ್ನು ಬರೆದುಕೊಳ್ಳಬೇಕು?

ಜೋರನ್ನು ಅಳೆಯಬೇಡಿ, ಹೊತ್ತನ್ನು ಅಳೆಯಿರಿ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ನಗು ಬಂತು, ಎಲ್ಲಿಂದ ಶುರುವಾಯಿತು, ಎಷ್ಟು ಹೊತ್ತು ಇತ್ತು. ಚಿತ್ರ ನೋಡದೆ ಜನರ ಕಡೆ ಮುಖ ಮಾಡಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಕಿವಿಯನ್ನಷ್ಟೇ ನಂಬಬೇಡಿ. ನಾಟ್ಯಶಾಸ್ತ್ರದಲ್ಲಿ ನಗುವಿಗೆ ಆರು ಮೆಟ್ಟಿಲು ಇದೆ. ಹಲ್ಲು ಕಾಣದ ಮುಗುಳ್ನಗೆಯಿಂದ ಶುರುವಾಗಿ, ಹೆಗಲು ಕುಲುಕುವ ನಗು, ಕಣ್ಣಲ್ಲಿ ನೀರು ಬರುವ ನಗು, ಪಕ್ಕೆ ಹಿಡಿದುಕೊಳ್ಳುವ ನಗುವಿನವರೆಗೆ. ಮುಗುಳ್ನಗೆ ಉತ್ತಮರದು, ಗಹಗಹಿಸುವುದು ಅಧಮರದು ಅಂತ ಅಲ್ಲಿ ಹೇಳಿದ್ದು ನನಗೆ ಒಪ್ಪಿಗೆ ಇಲ್ಲ. ಆದರೆ ಮೈಯನ್ನು ನೋಡಬೇಕು ಅನ್ನುವುದು ಬಹಳ ಉಪಯೋಗದ ಮಾತು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ. ಸದ್ದು ಬರುವುದಿಲ್ಲ. ಹೆಗಲು ಕುಲುಕುತ್ತದೆ. ಮೈಕ್ ಇಟ್ಟು ನಗು ಅಳೆದರೆ ಅರ್ಧ ಊರನ್ನೇ ಬಿಟ್ಟುಬಿಟ್ಟಂತೆ. ಹಿರಿಯರು "ಏನು ಹುಚ್ಚಾಟ ಇದು" ಅಂತ ಬೈಯುತ್ತಲೇ ನೋಡುತ್ತಿರುತ್ತಾರೆ, ಎದ್ದು ಹೋಗುವುದಿಲ್ಲ. ಅದನ್ನೂ ಮೆಚ್ಚುಗೆಯ ಕಡೆಗೇ ಬರೆದುಕೊಳ್ಳಿ.

ಮೌನದಲ್ಲೂ ಎರಡು ಬಗೆ ಇದೆ. ಆಡು ತಗಡಿನ ಮೇಲೆ ನಿಂತಾಗ ಎಲ್ಲರೂ ಸುಮ್ಮನಾದರೆ, ಯಾರ ಕಾಲೂ ಅಲ್ಲಾಡದಿದ್ದರೆ, ಅದು ಒಳ್ಳೆಯ ಮೌನ. ಮೊಬೈಲಿನ ಬೆಳಕು ಅಲ್ಲಲ್ಲಿ ಹೊತ್ತಿಕೊಂಡರೆ, ಮಕ್ಕಳು ನೀರು ಕುಡಿಯಲು ಎದ್ದರೆ, ಅಲ್ಲಿ ಕತ್ತರಿ ಹಾಕಬೇಕು.

ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳುವುದು ದಂಡ. "ಚಲೋ ಇತ್ರಿ ಸರ್" ಅನ್ನುತ್ತಾರೆ. ಮನೆಗೆ ಬಂದು ಚಿತ್ರ ತೋರಿಸಿದವರಿಗೆ ಇನ್ನೇನು ಹೇಳಬೇಕು? ಅದರ ಬದಲು "ಆಡು ಏನು ಮಾಡ್ತು ಹೇಳ್ರಿ" ಅಂತ ಕೇಳಿ. ಮಕ್ಕಳು ಹೇಳುವುದಿಲ್ಲ, ಎದ್ದು ಮಾಡಿ ತೋರಿಸುತ್ತಾರೆ. ಯಾವುದನ್ನು ಮಾಡಿ ತೋರಿಸಿದರೋ ಅದು ತಲುಪಿದೆ. ಯಾವುದನ್ನು ಬಿಟ್ಟರೋ, ನಗು ಬಂದಿದ್ದರೂ, ಅದು ಅಲ್ಲೇ ಆರಿಹೋಗಿದೆ. ಕೆಲವು ಸಲ ಚಿತ್ರದಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳುತ್ತಾರೆ, ಆಡು ಕಾಕಾನ ಮೀಸೆ ತಿಂದಿತು ಅಂತ. ಅದನ್ನಂತೂ ಬಿಡದೆ ಬರೆದುಕೊಳ್ಳಿ, ನೀವು ಮಾಡಬೇಕಾಗಿದ್ದ ದೃಶ್ಯ ಅದು.

ಸಾಧ್ಯ ಆದರೆ ಅದೇ ಜನರಿಗೆ ಕೆಲವು ದಿನ ಬಿಟ್ಟು ಇನ್ನೊಮ್ಮೆ ತೋರಿಸಿ. ಎರಡನೇ ಸಲ ಹಿಟ್ಟಿನ ನಗು ಕಮ್ಮಿ ಆಗುತ್ತದೆ, ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಆಗ ಕಣ್ಣು ಪಕ್ಕದ ವಿವರಗಳಿಗೆ ಹೋಗುತ್ತದೆ. ಮೊದಲ ಸಲ ಗದ್ದಲದಲ್ಲಿ ಮುಳುಗಿದ್ದ ಮೀಸೆಯ ಹಿಟ್ಟು, ಫ್ಯಾನಿನ ಸದ್ದಿಗೆ ಕೇಳಿಸದ ಕಳ್ಳಹೆಜ್ಜೆ, ಇವು ಈ ಸಲ ನಗಿಸಬಹುದು. ಹೊಸದಾಗಿ ನಗು ಬಂದ ಜಾಗಗಳನ್ನು ಅದೇ ನೋಟ್‌ಬುಕ್ಕಿನಲ್ಲಿ, ಮೊದಲಿನ ಗುರುತುಗಳ ಪಕ್ಕದಲ್ಲೇ, ಬೇರೆ ಬಣ್ಣದ ಪೆನ್ನಿನಲ್ಲಿ ಹಾಕಿಕೊಳ್ಳಿ. ಕತ್ತರಿಸಲು ಕೂರುವುದು ಅದಾದ ಮೇಲೆ.